ಅಪ್ಪ ಅಮ್ಮನ ಜೊತೆ ಕೇಂಬ್ರಿಡ್ಜ್‌ನಿಂದ ಹಾಲೆಂಡಿಗೆ: ಸುರಂಗದ ರೈಲಾ, ಇಲ್ಲಾ ರೈಲು ಇಳಿದು ಹಡಗಾ?

ನದಿದಡ:
ಎಲ್ಲರಿಗೂ ನಮಸ್ಕಾರ. ನಾನು ಕೇಂಬ್ರಿಡ್ಜ್‌ನಲ್ಲಿ ಕೆಲಸದಲ್ಲಿದ್ದೇನೆ. ಬರುವ ಏಪ್ರಿಲ್‌ನಲ್ಲಿ ಅಪ್ಪ ಅಮ್ಮ ಊರಿಂದ ಬರುತ್ತಿದ್ದಾರೆ, ಅವರನ್ನು ಒಂದು ವಾರದ ಮಟ್ಟಿಗೆ ಹಾಲೆಂಡಿಗೆ ಕರೆದುಕೊಂಡು ಹೋಗುವ ಆಸೆ. ಅಮ್ಮನಿಗೆ ಟ್ಯುಲಿಪ್ ತೋಟ ನೋಡಬೇಕು. ಅಪ್ಪನಿಗೆ ರೈಲು ಅಂದರೆ ಪ್ರಾಣ, ಹಾಗಾಗಿ ವಿಮಾನ ಬೇಡ, ಸಮುದ್ರ ದಾಟುವುದಾದರೆ ರೈಲಿನಲ್ಲೇ ದಾಟೋಣ ಅಂತ ಮೂವರೂ ಸೇರಿ ತೀರ್ಮಾನ ಮಾಡಿದ್ದೇವೆ.

ಲಂಡನ್‌ನಿಂದ ಸಮುದ್ರದ ಕೆಳಗಿನ ಸುರಂಗ ದಾಟಿ ಹೋಗುವ ಯೂರೋಸ್ಟಾರ್ ರೈಲು ನನಗೆ ಅನುಕೂಲ. ಕೇಂಬ್ರಿಡ್ಜ್‌ನಿಂದ ಕಿಂಗ್ಸ್ ಕ್ರಾಸ್‌ಗೆ ನೇರ ರೈಲಿದೆ, ಯೂರೋಸ್ಟಾರ್ ಹೊರಡುವ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣ ಅದರ ಪಕ್ಕದ ಕಟ್ಟಡ. ಆದರೆ ಮೂರು ಜನಕ್ಕೆ ಹೋಗಿ ಬರುವ ದರ ನೋಡಿದರೆ ಎದೆ ಝಲ್ ಅನ್ನುತ್ತದೆ. ಇಂಗ್ಲೆಂಡಿನ ಪೂರ್ವ ಕರಾವಳಿಯ ಹಾರ್ವಿಚ್ ಬಂದರಿನಿಂದ ಹಡಗಿದೆ, ರೈಲು ಮತ್ತು ಹಡಗು ಸೇರಿಸಿ ಒಂದೇ ಟಿಕೆಟ್ ಸಿಗುತ್ತದೆ ಅಂತ ಆಫೀಸಿನಲ್ಲಿ ಒಬ್ಬರು ಹೇಳಿದರು. ಯಾರಾದರೂ ಹಾಗೆ ಹೋಗಿದ್ದೀರಾ? ಅಪ್ಪನಿಗೆ 68, ಅಮ್ಮನಿಗೆ 63. ನಡೆಯೋದು ತೊಂದರೆ ಇಲ್ಲ, ಆದರೆ ಪೆಟ್ಟಿಗೆ ಎಳೆದುಕೊಂಡು ಮೆಟ್ಟಿಲು ಹತ್ತಿಸಿ ಇಳಿಸಿ ಸುಸ್ತು ಮಾಡಿಸೋಕೆ ಇಷ್ಟ ಇಲ್ಲ. ನಿಜವಾಗಿ ಯಾವುದು ಅಗ್ಗ?

ಉತ್ತರಸಮುದ್ರ:
ಹಡಗಿನಲ್ಲಿ ಹೋಗಿ. ನಾನು ಇಪ್ಸ್‌ವಿಚ್‌ನಲ್ಲಿದ್ದೇನೆ, ನಮ್ಮ ಮನೆಯವರೆಲ್ಲ ಹಾಲೆಂಡಿಗೆ ಹೋಗೋದು ಇದೇ ದಾರಿಯಲ್ಲಿ. ನಿಮ್ಮ ಹಾಗೆ ಮೂರು ಜನ ಇದ್ದಾಗ ಇದಕ್ಕಿಂತ ಒಳ್ಳೆ ಲೆಕ್ಕ ಬೇರೆ ಇಲ್ಲ.

ಟಿಕೆಟ್ ಹೆಸರು ರೈಲ್ ಅಂಡ್ ಸೇಲ್, ಮಾರುವವರು ಸ್ಟೆನಾ ಲೈನ್ ಅನ್ನೋ ಹಡಗು ಕಂಪನಿ. ಗ್ರೇಟರ್ ಆಂಗ್ಲಿಯಾ ರೈಲು ನಿಲ್ಲುವ ಯಾವ ನಿಲ್ದಾಣದಿಂದ ಬೇಕಾದರೂ ತೆಗೆದುಕೊಳ್ಳಬಹುದು, ಕೇಂಬ್ರಿಡ್ಜ್ ಕೂಡ ಅದರಲ್ಲಿದೆ. ಅಂದರೆ ನೀವು ಲಂಡನ್‌ಗೆ ಹೋಗುವ ಅಗತ್ಯವೇ ಇಲ್ಲ. ಕೇಂಬ್ರಿಡ್ಜ್‌ನಿಂದ ಇಪ್ಸ್‌ವಿಚ್‌ಗೆ ನೇರ ರೈಲು, ಆಮೇಲೆ ಮ್ಯಾನಿಂಗ್‌ಟ್ರೀ, ಅಲ್ಲಿಂದ ಹಾರ್ವಿಚ್ ಇಂಟರ್‌ನ್ಯಾಶನಲ್. ಕೊನೆಯ ಆ ಚಿಕ್ಕ ದಾರಿ ಸ್ಟೌರ್ ನದಿ ಸಮುದ್ರ ಸೇರುವ ಅಂಚಿನಲ್ಲೇ ಹೋಗುತ್ತದೆ. ನೀರು ಇಳಿದ ಹೊತ್ತಾದರೆ ಕೆಸರಿನ ಬಯಲು, ಅದರ ತುಂಬ ಹಕ್ಕಿ. ಅಪ್ಪನನ್ನು ಹೋಗುವಾಗ ಎಡಗಡೆ ಕಿಟಕಿಗೆ ಕೂರಿಸಿ.

ಈಗ ದುಡ್ಡಿನ ವಿಷಯ. ಇಲ್ಲಿ ಎಲ್ಲರೂ ಟಿಕೆಟ್ ದರ ಟಿಕೆಟ್ ದರ ಅಂತ ಹೋಲಿಸುತ್ತಾರೆ, ಅದು ಅರ್ಧ ಲೆಕ್ಕ ಅಷ್ಟೇ. ರಾತ್ರಿ ಹಡಗು ಹಾರ್ವಿಚ್‌ನಿಂದ 11ಕ್ಕೆ ಹೊರಟು ಬೆಳಿಗ್ಗೆ 8ಕ್ಕೆ ಆ ಕಡೆಯ ಬಂದರು ಹುಕ್ ಆಫ್ ಹಾಲೆಂಡ್ ಮುಟ್ಟುತ್ತದೆ. ರಾತ್ರಿ ಹಡಗಿಗೆ ಕ್ಯಾಬಿನ್ ಕಡ್ಡಾಯ, ಅದಕ್ಕೆ ಬೇರೆ ದುಡ್ಡು. ಇದನ್ನು ನೋಡಿಯೇ ಸುಮಾರು ಜನ ದುಬಾರಿ ಅಂತ ಬಿಟ್ಟುಬಿಡುತ್ತಾರೆ. ಆದರೆ ಕ್ಯಾಬಿನ್ ದರ ಕೋಣೆಗೆ, ತಲೆಗಲ್ಲ. ನೀವು ಮೂರು ಜನ ಒಂದೇ ಕ್ಯಾಬಿನ್‌ನಲ್ಲಿ ಮಲಗುತ್ತೀರಿ, ಆ ರಾತ್ರಿಯ ಹೋಟೆಲ್ ಖರ್ಚು ಪೂರ್ತಿ ಉಳಿಯುತ್ತದೆ. ಟ್ಯುಲಿಪ್ ಕಾಲದಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮೂರು ಜನಕ್ಕೆ ಕೋಣೆ ಎಷ್ಟಾಗುತ್ತದೆ ಅಂತ ಒಮ್ಮೆ ಹುಡುಕಿ ನೋಡಿ, ಆಮೇಲೆ ಹೋಲಿಸಿ. ಬರುವಾಗಲೂ ರಾತ್ರಿ ಹಡಗೇ ಆದರೆ ಎರಡು ರಾತ್ರಿ ಉಳಿತಾಯ. ವಾಪಸ್ ಹಡಗು ಅಲ್ಲಿಂದ ರಾತ್ರಿ 10ಕ್ಕೆ ಬಿಟ್ಟು ಬೆಳಿಗ್ಗೆ ಆರೂವರೆಗೆ ಹಾರ್ವಿಚ್‌ಗೆ ಬರುತ್ತದೆ.

ಒಂದು ಮಾತು ನೆನಪಿಡಿ, ಹೋಗುವಾಗ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. 11ರಿಂದ 8 ಅಂದರೆ ಒಂಬತ್ತು ಗಂಟೆ ಅಲ್ಲ, ಎಂಟೇ. ಅದರಲ್ಲಿ ಬೆಳಿಗ್ಗೆ ಬೇಗ ಎಬ್ಬಿಸುತ್ತಾರೆ. ಆದ್ದರಿಂದ ಹಡಗು ಹೊರಡುವ ತನಕ ಕಾಯದೆ, ಒಳಗೆ ಬಿಟ್ಟ ತಕ್ಷಣ ಹತ್ತಿ ಊಟ ಮುಗಿಸಿ ಮಲಗಿಬಿಡಿ. ಕಿಟಕಿ ಇರುವ ಕ್ಯಾಬಿನ್‌ಗೆ ಜಾಸ್ತಿ ಕೊಡಬೇಡಿ. ರಾತ್ರಿ ಹೊರಗೆ ಕತ್ತಲೆ, ಏನೂ ಕಾಣಲ್ಲ. ಬೆಳಿಗ್ಗೆ ಏಳೂಕಾಲರ ಹೊತ್ತಿಗೆ ಎಲ್ಲರೂ ಮೇಲೆ ಡೆಕ್‌ಗೆ ಹೋಗಿ ನಿಂತುಕೊಳ್ಳಿ. ಹಡಗು ನಿಧಾನಕ್ಕೆ ನ್ಯೂವೆ ವಾಟರ್‌ವೆಗ್ ಕಾಲುವೆಯ ಬಾಯಿಗೆ ಬರುತ್ತದೆ, ಒಂದು ಕಡೆ ಮರಳ ದಂಡೆ, ಇನ್ನೊಂದು ಕಡೆ ರಾಟರ್‌ಡ್ಯಾಮ್ ಬಂದರಿನ ಕ್ರೇನ್‌ಗಳು, ಗಾಳಿಯಂತ್ರಗಳು, ಕಣ್ಣು ಹಾಯಿಸಿದಷ್ಟು ದೂರ. ಆ ಅರ್ಧ ಗಂಟೆ ಮಾತ್ರ ಮಲಗಿ ಕಳೆಯಬೇಡಿ.

ಪೆಟ್ಟಿಗೆ ಎಳೆಯೋ ಚಿಂತೆ ಬೇಡ. ಹಾರ್ವಿಚ್‌ನಲ್ಲಿ ರೈಲು ನಿಲ್ದಾಣಕ್ಕೆ ಅಂಟಿಕೊಂಡೇ ಹಡಗಿನ ಟರ್ಮಿನಲ್ ಇದೆ. ಆ ಕಡೆ ಹುಕ್‌ನಲ್ಲಿ ಟರ್ಮಿನಲ್ ಹೊರಗೇ ಮೆಟ್ರೋ. ಮುಂಚೆ ಅಲ್ಲಿ ಮಾಮೂಲಿ ರೈಲು ಓಡುತ್ತಿತ್ತು, 2019ರಿಂದ ರಾಟರ್‌ಡ್ಯಾಮ್ ಮೆಟ್ರೋದ ಬಿ ಲೈನ್ ಆಗಿದೆ. ಸ್ಕೀಡಾಮ್ ಸೆಂಟ್ರಮ್‌ನಲ್ಲಿ ಇಳಿದು ಆಮ್‌ಸ್ಟರ್‌ಡ್ಯಾಮ್ ಕಡೆಯ ರೈಲು ಹಿಡಿಯಿರಿ.

ರೈಲುಗೀಳು:
ಮೇಲಿನವರು ಹೇಳಿದ್ದು ಸರಿ, ಹಡಗು ಚೆನ್ನಾಗಿಯೇ ಇದೆ. ಆದರೆ ಯೂರೋಸ್ಟಾರನ್ನು ಪೂರ್ತಿ ಬಿಡಬೇಡಿ ಅಂತ ನನ್ನ ವಾದ. ಅಪ್ಪನಿಗೆ ರೈಲು ಪ್ರಾಣ ಅಂದಿರಲ್ಲ, ಸಮುದ್ರದ ಕೆಳಗಿನ ಸುರಂಗ ತೋರಿಸದೆ ಊರಿಗೆ ಕಳಿಸೋದು ಹೇಗೆ? 1994ರಲ್ಲಿ ತೆರೆದಿದ್ದು, ಒಟ್ಟು 50 ಕಿಲೋಮೀಟರ್ ಚಿಲ್ಲರೆ, ಅದರಲ್ಲಿ ಸುಮಾರು 38 ಕಿಲೋಮೀಟರ್ ಸಮುದ್ರದ ತಳದ ಕೆಳಗೆ. ಒಳಗೆ ನೋಡೋಕೆ ಏನೂ ಇಲ್ಲ, ಇಪ್ಪತ್ತು ನಿಮಿಷ ಬರೀ ಕತ್ತಲೆ, ಅದನ್ನು ಮೊದಲೇ ಹೇಳಿಬಿಡಿ. ಆದರೂ ರೈಲು ಇಷ್ಟಪಡುವವರಿಗೆ ನಾವೀಗ ಸಮುದ್ರದ ಕೆಳಗಿದ್ದೇವೆ ಅನ್ನೋದೇ ಸಾಕು.

ಹಾಗಾಗಿ ಒಂದು ಕಡೆ ಹಡಗು, ಒಂದು ಕಡೆ ಯೂರೋಸ್ಟಾರ್ ಮಾಡಿ. ಎರಡನ್ನೂ ಒಂದೊಂದೇ ಕಡೆಗೆ ಮಾರುತ್ತಾರೆ, ಹೋಗಿ ಬರೋದನ್ನು ಒಟ್ಟಿಗೇ ಕೊಳ್ಳಬೇಕು ಅಂತೇನಿಲ್ಲ. ಹೋಗುವಾಗ ಹಡಗು, ಬರುವಾಗ ಯೂರೋಸ್ಟಾರ್. ಬರುವಾಗ ಯಾಕೆ ಅಂದರೆ, ಒಂದು ವಾರ ಸುತ್ತಿ ದಣಿದಿರುತ್ತೀರಿ, ಆಮ್‌ಸ್ಟರ್‌ಡ್ಯಾಮ್‌ನಿಂದ ಸುಮಾರು ನಾಲ್ಕು ಗಂಟೆಯಲ್ಲಿ ಲಂಡನ್. ರಾಟರ್‌ಡ್ಯಾಮ್‌ನಲ್ಲೂ ಹತ್ತಬಹುದು. ಬ್ರಿಟನ್ನಿನ ಪಾಸ್‌ಪೋರ್ಟ್ ತಪಾಸಣೆ ಅಲ್ಲೇ ನಿಲ್ದಾಣದಲ್ಲಿ ಮುಗಿದಿರುತ್ತದೆ, ಲಂಡನ್‌ನಲ್ಲಿ ಇಳಿದು ಸೀದಾ ಕಿಂಗ್ಸ್ ಕ್ರಾಸ್‌ಗೆ ನಡೆಯೋದು. ಹಡಗಿನಲ್ಲಿ ಹಾಗಲ್ಲ, ಬೆಳಿಗ್ಗೆ ಆರೂವರೆಗೆ ಹಾರ್ವಿಚ್‌ನಲ್ಲಿ ಸಾಲಿನಲ್ಲಿ ನಿಲ್ಲಬೇಕು, ಆಮೇಲೆ ಮತ್ತೆ ಎರಡು ಸಲ ರೈಲು ಬದಲಿಸಬೇಕು.

ಅಗ್ಗದ ಸೀಟು ಬೇಕಾದರೆ ವಾರದ ಮಧ್ಯೆ, ಮಂಗಳವಾರವೋ ಬುಧವಾರವೋ ನೋಡಿ. ಶುಕ್ರವಾರ ಸಂಜೆ, ಭಾನುವಾರ ಮಧ್ಯಾಹ್ನ ಕೈ ಹಾಕಬೇಡಿ. ಯೂರೋಸ್ಟಾರ್ ಸ್ನ್ಯಾಪ್ ಅಂತ ಒಂದಿದೆ, ದಿನ ಮತ್ತು ಬೆಳಿಗ್ಗೆಯೋ ಮಧ್ಯಾಹ್ನವೋ ಅಂತ ಮಾತ್ರ ನೀವು ಆರಿಸೋದು, ಯಾವ ರೈಲು ಅಂತ ಅವರು ಆಮೇಲೆ ತಿಳಿಸುತ್ತಾರೆ. ಒಬ್ಬರೇ ಹೋಗುವಾಗ ತುಂಬ ಅಗ್ಗ. ವಯಸ್ಸಾದವರು ಜೊತೆಗಿದ್ದಾಗ, ಅದೂ ವೀಸಾ ಮೇಲೆ ಹೋಗುವಾಗ, ನಾನಂತೂ ಅದನ್ನು ನಂಬಿ ಕೂರುವುದಿಲ್ಲ. ಮಾಮೂಲಿ ಟಿಕೆಟ್ ಆದರೆ ದರದ ವ್ಯತ್ಯಾಸ ಕೊಟ್ಟು ದಿನ ಬದಲಿಸಿಕೊಳ್ಳಬಹುದು.

ಇನ್ನು ಯೂರೋಪಿನ ಹಲವು ದೇಶಗಳ ರೈಲಿಗೆ ಒಂದೇ ಪಾಸ್ ಆಗಿರುವ ಇಂಟರ್‌ರೇಲ್ ತೆಗೆದುಕೊಳ್ಳಿ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಒಂದೇ ದೇಶಕ್ಕೆ ಹೋಗಿ ಬರೋದಕ್ಕೆ ಅದು ಲಾಭ ಇಲ್ಲ. ಅದೂ ಅಲ್ಲದೆ ನಿಮಗೆ ಇಂಟರ್‌ರೇಲ್, ಯೂರೋಪಿನ ಹೊರಗೆ ವಾಸ ಇರುವ ಅಪ್ಪ ಅಮ್ಮನಿಗೆ ಯೂರೇಲ್, ಎರಡು ಥರದ ಪಾಸ್ ಆಗುತ್ತದೆ. ಯೂರೋಸ್ಟಾರ್‌ಗೆ ಪಾಸ್ ಇದ್ದರೂ ಸೀಟಿಗೆ ಬೇರೆ ದುಡ್ಡು. ನಾಲ್ಕೈದು ದೇಶ ಸುತ್ತುವವರಿಗೆ ಸರಿ, ನಿಮಗಲ್ಲ.

ಗುಡ್ಡದಮನೆ:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ರೈಲೇ ಹಡಗಿನೊಳಗೆ ಹೋಗುತ್ತದೆ ಅಂತ ಕೇಳಿದ್ದೆ, ಅದು ಈ ದಾರಿಯಲ್ಲಿ ಇಲ್ಲವಾ? ಮತ್ತೆ ನಾನು ಲೀಡ್ಸ್‌ನಲ್ಲಿರೋದು, ಹಾರ್ವಿಚ್ ತುಂಬ ದೂರ, ನಮ್ಮ ಕಡೆಯವರಿಗೆ ಏನು ದಾರಿ?

ರೈಲುಗೀಳು:
ಇಲ್ಲಿ ಇಲ್ಲ. ಮುಂಚೆ ಇತ್ತು. ಲಂಡನ್‌ನಿಂದ ಪ್ಯಾರಿಸ್‌ಗೆ ರಾತ್ರಿ ರೈಲು ಡೋವರ್‌ನಲ್ಲಿ ಹಡಗಿನೊಳಗೆ ಹೋಗಿ ಡಂಕರ್ಕ್‌ನಲ್ಲಿ ಇಳಿಯುತ್ತಿತ್ತು. ಜನ ಮಲಗಿದ ಡಬ್ಬಿಯಲ್ಲೇ ಇರುತ್ತಿದ್ದರು. 1936ರಲ್ಲಿ ಶುರುವಾಗಿದ್ದು 1980ರಲ್ಲಿ ನಿಂತಿತು. ಹ್ಯಾಂಬರ್ಗ್‌ನಿಂದ ಕೋಪನ್‌ಹೇಗನ್‌ಗೆ ಹೋಗುವ ರೈಲು ಪುಟ್‌ಗಾರ್ಡನ್‌ನಲ್ಲಿ ಹಡಗು ಹತ್ತುತ್ತಿತ್ತು, ಅದೂ 2019ರ ಡಿಸೆಂಬರ್‌ನಲ್ಲಿ ಕೊನೆಯಾಯಿತು, ಈಗ ಅಲ್ಲಿ ಸಮುದ್ರದ ಕೆಳಗೆ ಸುರಂಗ ಕಟ್ಟುತ್ತಿದ್ದಾರೆ. ಈಗಲೂ ನೋಡಬೇಕು ಅಂದರೆ ಇಟಲಿಗೆ ಹೋಗಿ. ಸಿಸಿಲಿಗೆ ಹೋಗುವ ರೈಲನ್ನು ತುಂಡು ತುಂಡು ಮಾಡಿ ಹಡಗಿನೊಳಗೆ ತಳ್ಳುತ್ತಾರೆ. ದೇಶ ದಾಟುವ ಪ್ರಯಾಣ ಅಲ್ಲ, ಆದರೆ ನೋಡೋಕೆ ಎರಡು ಕಣ್ಣು ಸಾಲದು.

ಲೀಡ್ಸ್‌ನಿಂದ ಆದರೆ ಹಲ್ ಹತ್ತಿರ. ಅಲ್ಲಿಂದ ಪಿ ಅಂಡ್ ಒ ಹಡಗು ರಾತ್ರಿ ರಾಟರ್‌ಡ್ಯಾಮ್ ಕಡೆಯ ಯೂರೋಪೋರ್ಟ್‌ಗೆ ಹೋಗುತ್ತದೆ. ನ್ಯೂಕಾಸಲ್‌ನಿಂದ ಡಿಎಫ್‌ಡಿಎಸ್ ಹಡಗು ಆಮ್‌ಸ್ಟರ್‌ಡ್ಯಾಮ್ ಹತ್ತಿರದ ಐಮೌಡನ್‌ಗೆ. ಎರಡರಲ್ಲೂ ಬಂದರು ಊರಿಂದ ದೂರ, ಬಂದರಿನಿಂದ ಊರಿಗೆ ಕೋಚ್ ಬಸ್ ಇರುತ್ತದೆ, ಹಡಗಿನ ಟಿಕೆಟ್ ಜೊತೆಗೇ ಬಸ್ಸಿನ ಸೀಟೂ ತೆಗೆದುಕೊಂಡುಬಿಡಿ. ಹಲ್‌ನಿಂದ ಬೆಲ್ಜಿಯಂನ ಝೀಬ್ರುಗೆಗೂ ಇತ್ತು, 2021ರಲ್ಲಿ ನಿಲ್ಲಿಸಿದರು. ಹಳೆಯ ಬರಹ ಓದಿ ಅದನ್ನು ಹುಡುಕಬೇಡಿ.

ಮಳೆಬಿಲ್ಲು:
ಎಲ್ಲರೂ ದಾರಿ ಬಗ್ಗೆ ಹೇಳಿದಿರಿ, ವೀಸಾ ಬಗ್ಗೆ ಯಾರೂ ಹೇಳಲಿಲ್ಲ! ಮೊದಲು ಅದು ಆಗಬೇಕು ಅಲ್ವಾ. ನದಿದಡ ಅವರೇ, ನಿಮ್ಮ ಹತ್ತಿರ ಇರೋದು ಭಾರತದ ಪಾಸ್‌ಪೋರ್ಟ್ ಆದರೆ ಮೂವರಿಗೂ ಶೆಂಗೆನ್ ವೀಸಾ, ಅಂದರೆ ಯೂರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಕೊಡುವ ವೀಸಾ, ಬೇಕು. ಬ್ರಿಟನ್ ವೀಸಾ ಅಲ್ಲಿ ನಡೆಯಲ್ಲ. ನೀವು ಇಲ್ಲಿಂದ ಹಾಕಬಹುದು, ಅಪ್ಪ ಅಮ್ಮ ಊರು ಬಿಡುವ ಮುಂಚೆಯೇ ಅಲ್ಲಿಂದಲೇ ಹಾಕಿ ತಗೊಂಡು ಬರಲಿ. ಅವರು ವಾಸ ಇರುವ ದೇಶದಿಂದಲೇ ಹಾಕಬೇಕು ಅನ್ನೋದು ನಿಯಮ. ಇಲ್ಲಿಗೆ ಬಂದಮೇಲೆ ನೋಡೋಣ ಅಂತ ಬಿಟ್ಟರೆ ಕೈಕಟ್ಟಿ ಕೂರಬೇಕಾಗುತ್ತದೆ. ನನ್ನ ಅತ್ತೆ ಮಾವನಿಗೆ ಬೆಂಗಳೂರಿನ ವಿಎಫ್‌ಎಸ್ (ವೀಸಾ ಅರ್ಜಿ ತೆಗೆದುಕೊಳ್ಳುವ ಸಂಸ್ಥೆ) ಮೂಲಕ ಮಾಡಿಸಿದ್ದೆವು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ತೆಗೆದುಕೊಳ್ಳುತ್ತಾರೆ, ಅಪಾಯಿಂಟ್‌ಮೆಂಟ್ ಸಿಗೋದೇ ಕಷ್ಟ, ಈಗಲೇ ನೋಡಿ. ದೊಡ್ಡವರಿಗೆ ಶುಲ್ಕ 90 ಯೂರೋ, ವಿಎಫ್‌ಎಸ್‌ನವರ ಸೇವಾ ಶುಲ್ಕ ಬೇರೆ. 30,000 ಯೂರೋ ಮೊತ್ತದ ಪ್ರಯಾಣ ವಿಮೆ ಬೇಕು. ಅಗ್ಗದ ಪ್ರವಾಸದ ಲೆಕ್ಕ ಹಾಕುವಾಗ ಇದನ್ನೆಲ್ಲ ಸೇರಿಸಿಕೊಳ್ಳಿ. ವೀಸಾ ಕೈಗೆ ಬರುವ ತನಕ ದುಡ್ಡು ವಾಪಸ್ ಬರದ ಟಿಕೆಟ್ ಕೊಳ್ಳಲೇಬೇಡಿ.

ದಿನಾಂಕದ ಬಗ್ಗೆ ಇನ್ನೊಂದು. ಏಪ್ರಿಲ್ 27 ಹಾಲೆಂಡಿನಲ್ಲಿ ರಾಜನ ಹುಟ್ಟುಹಬ್ಬ. ಊರೆಲ್ಲ ಕಿತ್ತಳೆ ಬಣ್ಣ, ಬೀದಿಯಲ್ಲಿ ಕಾಲಿಡೋಕೆ ಜಾಗ ಇರಲ್ಲ, ಹೋಟೆಲ್ ದರ ಆಕಾಶಕ್ಕೆ. ಹುಡುಗರಿಗೆ ಖುಷಿ, ಅಪ್ಪ ಅಮ್ಮನ ಜೊತೆ ಬೇಡ. ಟ್ಯುಲಿಪ್‌ಗೆ ಹೆಸರಾದ ಕ್ಯೂಕೆನ್‌ಹೋಫ್ ತೋಟ ಮಾರ್ಚ್ ಮಧ್ಯದಿಂದ ಮೇ ಮಧ್ಯದವರೆಗೆ ಮಾತ್ರ ತೆರೆದಿರುತ್ತದೆ. ಏಪ್ರಿಲ್ ಎರಡನೇ ಮೂರನೇ ವಾರ, ಅದೂ ಶನಿವಾರ ಭಾನುವಾರ ಬಿಟ್ಟು ಹೋಗಿ. ಟಿಕೆಟ್ ಮೊದಲೇ ತೆಗೆಯಬೇಕು, ಒಳಗೆ ಹೋಗುವ ಹೊತ್ತನ್ನೂ ಆರಿಸಬೇಕು.

ಉಳಿಯೋದು ಆಮ್‌ಸ್ಟರ್‌ಡ್ಯಾಮ್‌ನಲ್ಲೇ ಅಂತ ಹಠ ಬೇಡ. ಅಲ್ಲಿ ಕೋಣೆ ದರದ ಮೇಲೆ ಪ್ರವಾಸಿ ತೆರಿಗೆಯೇ ನೂರಕ್ಕೆ 12.5. ನಾವು ಲೈಡನ್‌ನಲ್ಲಿ ಉಳಿದಿದ್ದೆವು. ಕ್ಯೂಕೆನ್‌ಹೋಫ್‌ಗೆ ಅಲ್ಲಿಂದಲೇ ಬಸ್, ಆಮ್‌ಸ್ಟರ್‌ಡ್ಯಾಮ್‌ಗೂ ದಿ ಹೇಗ್‌ಗೂ ಡೆಲ್ಫ್ಟ್‌ಗೂ ರೈಲು. ಊರು ಚಿಕ್ಕದು, ಕಾಲುವೆ ಪಕ್ಕ ಸುಮ್ನೆ ಕೂತರೂ ಹೊತ್ತು ಹೋಗುತ್ತದೆ. ಅತ್ತೆಗೆ ಆಮ್‌ಸ್ಟರ್‌ಡ್ಯಾಮ್‌ಗಿಂತ ಅದೇ ಜಾಸ್ತಿ ಇಷ್ಟವಾಯಿತು.

ಅಮ್ಮನಿಗೆ ಒಂದು ಮಾತು ಹೇಳಿಬಿಡಿ: ಮೊಸರನ್ನ, ತುಪ್ಪ, ಪನೀರ್ ಕಟ್ಟಿಕೊಂಡು ಹಾಲೆಂಡಿನಲ್ಲಿ ಇಳಿಯುವ ಹಾಗಿಲ್ಲ. ಬ್ರಿಟನ್ನಿನಿಂದ ಹಾಲಿನ ಪದಾರ್ಥ, ಮಾಂಸ ಒಳಗೆ ಬಿಡಲ್ಲ. ಹಡಗಿನಲ್ಲೇ ತಿಂದು ಮುಗಿಸಿ. ವಾಪಸ್ ಬರುವಾಗ ಗೌಡಾ ಚೀಸ್ ತರೋಣ ಅಂದುಕೊಂಡರೆ ಅದೂ ಇಲ್ಲ. ಜಾನುವಾರುಗಳ ಕಾಲುಬಾಯಿ ರೋಗದ ಭಯಕ್ಕೆ 2025ರ ಏಪ್ರಿಲ್‌ನಿಂದ ಬ್ರಿಟನ್ ಕೂಡ ತಡೆದಿದೆ. ಅವಲಕ್ಕಿ ಚೂಡಾ, ಕೋಡುಬಳೆ ಇಟ್ಟುಕೊಳ್ಳಿ.

ನದಿದಡ:
ಇಷ್ಟೆಲ್ಲ ಬರೆದಿದ್ದಕ್ಕೆ ತುಂಬ ಧನ್ಯವಾದ. ನಿನ್ನೆ ರಾತ್ರಿ ಅಪ್ಪನಿಗೆ ಫೋನ್ ಮಾಡಿ ಓದಿ ಹೇಳಿದೆ. ಹೋಗುವಾಗ ಹಡಗು, ಬರುವಾಗ ಸುರಂಗ ಅನ್ನೋದು ಅವರಿಗೆ ಬಹಳ ಹಿಡಿಸಿತು. ಉಳಿಯೋದು ಲೈಡನ್‌ನಲ್ಲಿ. ಅಮ್ಮನಿಗೆ ಮಾತ್ರ ಸಮುದ್ರದಲ್ಲಿ ವಾಂತಿ ಬರುತ್ತದೋ ಏನೋ ಅಂತ ಭಯ. ಹಾಲೆಂಡಿನ ರೈಲು ಟಿಕೆಟ್ ಹೇಗೆ, ಮೊದಲೇ ತೆಗೆದರೆ ಅಗ್ಗವಾ? ಇನ್ನೊಂದು, ವೀಸಾ ಅರ್ಜಿಯಲ್ಲಿ ಮೊದಲು ಕಾಲಿಡುವ ದೇಶ ಯಾವುದು ಅಂತ ಕೇಳಿದ್ದಾರೆ. ಯೂರೋಸ್ಟಾರ್ ಫ್ರಾನ್ಸ್, ಬೆಲ್ಜಿಯಂ ದಾಟಿ ಬರುತ್ತದಲ್ಲ, ಅದರಿಂದ ಏನಾದರೂ ಗೊಂದಲ ಆಗುತ್ತದಾ?

ಉತ್ತರಸಮುದ್ರ:
ಅಮ್ಮನಿಗೆ ಧೈರ್ಯ ಹೇಳಿ. ಆ ದಾರಿಯ ಹಡಗುಗಳು ಚಿಕ್ಕವಲ್ಲ, ಒಂದೊಂದೂ 240 ಮೀಟರ್ ಉದ್ದ. ಗಾಳಿ ಇಲ್ಲದ ರಾತ್ರಿ ಎಂಜಿನ್ನಿನ ಸಣ್ಣ ನಡುಕ ಬಿಟ್ಟರೆ ಏನೂ ಗೊತ್ತಾಗಲ್ಲ. ಗಾಳಿ ಇದ್ದರೆ ತೂಗುತ್ತದೆ, ಇಲ್ಲ ಅನ್ನೋದಿಲ್ಲ. ಕ್ಯಾಬಿನ್ ಆರಿಸೋಕೆ ಅವಕಾಶ ಸಿಕ್ಕರೆ ಹಡಗಿನ ಮಧ್ಯಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ತೆಗೆದುಕೊಳ್ಳಿ, ತೂಗಾಟ ಅಲ್ಲಿ ಕಮ್ಮಿ. ಮಾತ್ರೆ ಕೊಡೋದಾದರೆ ಹಡಗು ಹೊರಡುವ ಮುಂಚೆ ಕೊಡಬೇಕು, ಸಂಕಟ ಶುರುವಾದಮೇಲೆ ಕೊಟ್ಟರೆ ಉಪಯೋಗ ಇಲ್ಲ. ಅವರಿಗೆ ಬಿಪಿ, ಶುಗರ್ ಅಂತ ಬೇರೆ ಮಾತ್ರೆ ಇದ್ದರೆ ಡಾಕ್ಟರನ್ನು ಕೇಳಿಯೇ ಕೊಡಿ. ಬಂಕ್ ಹಾಸಿಗೆ ಇರುತ್ತದೆ, ಮೇಲಿನದಕ್ಕೆ ಏಣಿ ಹತ್ತಬೇಕು, ಅದು ನಿಮಗೆ.

ಹಾಲೆಂಡಿನೊಳಗಿನ ಮಾಮೂಲಿ ರೈಲಿಗೆ ಮುಂಚೆ ಟಿಕೆಟ್ ತೆಗೆಯುವ ತಲೆನೋವೇ ಬೇಡ. ಕಾಂಟ್ಯಾಕ್ಟ್‌ಲೆಸ್ ಬ್ಯಾಂಕ್ ಕಾರ್ಡ್ ಮುಟ್ಟಿಸಿ ಹತ್ತೋದು, ಇಳಿದಮೇಲೆ ಮತ್ತೆ ಮುಟ್ಟಿಸೋದು. ಬಸ್, ಟ್ರಾಮ್, ಮೆಟ್ರೋ ಎಲ್ಲದಕ್ಕೂ ಹೀಗೇ. ಇಲ್ಲಿ ಎರಡು ಕಡೆ ಜನ ದುಡ್ಡು ಕಳೆದುಕೊಳ್ಳುತ್ತಾರೆ. ಒಂದು, ಒಂದೇ ಕಾರ್ಡಿನಲ್ಲಿ ಮೂವರು ಹೋಗೋಕೆ ಆಗಲ್ಲ, ಒಬ್ಬೊಬ್ಬರಿಗೆ ಒಂದೊಂದು ಬೇಕು. ನಿಮ್ಮ ಹತ್ತಿರ ಇರುವ ಬೇರೆ ಬೇರೆ ಕಾರ್ಡುಗಳನ್ನು ಹಂಚಿಬಿಡಿ, ಯಾರದ್ದು ಯಾವುದು ಅಂತ ಕೊನೆವರೆಗೂ ಅದಲುಬದಲು ಮಾಡಬೇಡಿ. ಫೋನಿನಲ್ಲಿರುವ ಕಾರ್ಡನ್ನೂ ಪ್ಲಾಸ್ಟಿಕ್ ಕಾರ್ಡನ್ನೂ ಯಂತ್ರ ಬೇರೆ ಬೇರೆ ಅಂತಲೇ ಓದುತ್ತದೆ, ಹಾಗಾಗಿ ಫೋನ್ ನಿಮ್ಮ ಕೈಲಿರಲಿ, ಪ್ಲಾಸ್ಟಿಕ್ ಕಾರ್ಡ್ ಅಪ್ಪನಿಗೆ ಕೊಡಿ. ಎರಡು, ಸ್ಕೀಡಾಮ್‌ನಲ್ಲಿ ಮೆಟ್ರೋದಿಂದ ರೈಲಿಗೆ ಬದಲಿಸುವಾಗ ಮೆಟ್ರೋ ಯಂತ್ರಕ್ಕೆ ಮುಟ್ಟಿಸಿ ಹೊರಗೆ ಬಂದು, ಆಮೇಲೆ ಎನ್‌ಎಸ್ (ಡಚ್ ರೈಲು ಸಂಸ್ಥೆ) ಅಂತ ಬರೆದ ಯಂತ್ರಕ್ಕೆ ಮುಟ್ಟಿಸಿ ಒಳಗೆ ಹೋಗಬೇಕು. ಬೇರೆ ಬೇರೆ ಸಂಸ್ಥೆ ಅವು. ಹಿಂದಿನಿಂದ ಜನ ತಳ್ಳುತ್ತಿದ್ದರೂ ಮೂವರದ್ದೂ ಬೀಪ್ ಅಂತಾ ನೋಡಿಕೊಂಡೇ ಮುಂದೆ ಹೋಗಿ.

ಮತ್ತೆ ಕೇಂಬ್ರಿಡ್ಜ್ ಬಿಡುವ ದಿನ ಶನಿವಾರ ಭಾನುವಾರ ಆದರೆ ಇಪ್ಸ್‌ವಿಚ್ ಕಡೆ ಹಳಿ ರಿಪೇರಿ ಇದೆಯಾ ಅಂತ ನೋಡಿಕೊಳ್ಳಿ, ವಾರಾಂತ್ಯದಲ್ಲಿ ರೈಲು ನಿಲ್ಲಿಸಿ ಬಸ್ ಹಾಕೋದು ಇದ್ದದ್ದೇ. ಕೊನೆಯ ರೈಲಿಗೆ ಕಾಯದೆ ಅದಕ್ಕಿಂತ ಮುಂಚಿನದರಲ್ಲಿ ಹೊರಡಿ.

ಮಳೆಬಿಲ್ಲು:
ಅರ್ಜಿಯಲ್ಲಿ ಮೊದಲು ಕಾಲಿಡುವ ದೇಶ ನೆದರ್‌ಲ್ಯಾಂಡ್ಸ್ ಅಂತಲೇ ಬರೆಯಿರಿ. ನೀವು ಹುಕ್‌ನಲ್ಲಿ ಇಳಿಯುತ್ತೀರಿ, ಅಲ್ಲೇ ಡಚ್ ಗಡಿ ಪೊಲೀಸರು ಪಾಸ್‌ಪೋರ್ಟ್ ನೋಡುತ್ತಾರೆ. ರಾತ್ರಿಗಳನ್ನು ಜಾಸ್ತಿ ಕಳೆಯೋದೂ ಅಲ್ಲೇ, ಹಾಗಾಗಿ ಅರ್ಜಿ ಅವರಿಗೇ ಹಾಕೋದು ಸರಿ. ವಾಪಸ್ ಬರುವಾಗ ಫ್ರಾನ್ಸ್, ಬೆಲ್ಜಿಯಂ ಹಾದು ಬಂದರೆ ಏನೂ ತೊಂದರೆ ಇಲ್ಲ. ಹೋಗುವಾಗಲೇ ಯೂರೋಸ್ಟಾರ್ ಹಿಡಿಯುವವರಿಗೆ ಮಾತ್ರ ಲಂಡನ್‌ನಲ್ಲೇ ಫ್ರೆಂಚ್ ಪೊಲೀಸರು ತಪಾಸಣೆ ಮಾಡುತ್ತಾರೆ.

ಮೊದಲ ಸಲ ಹೋಗುವವರ ಬೆರಳಚ್ಚು, ಮುಖದ ಫೋಟೋ ಗಡಿಯಲ್ಲೇ ತೆಗೆಯುವ ಹೊಸ ಪದ್ಧತಿ 2025ರ ಅಕ್ಟೋಬರ್‌ನಲ್ಲಿ ಶುರುವಾಗಿದೆ, ಇಳಿದಮೇಲೆ ಸಾಲು ಸ್ವಲ್ಪ ಉದ್ದ ಇರಬಹುದು. ಆ ಬೆಳಿಗ್ಗೆಗೆ ಬೇರೆ ಏನೂ ಬುಕ್ ಮಾಡಬೇಡಿ. ಅಪ್ಪ ಅಮ್ಮನ ಬ್ರಿಟನ್ ವೀಸಾದ ಮೇಲೆ ಎಷ್ಟು ಸಲ ಒಳಗೆ ಬರಬಹುದು ಅಂತ ಬರೆದಿರುವುದನ್ನೂ ಒಮ್ಮೆ ನೋಡಿಬಿಡಿ, ಸಾಮಾನ್ಯವಾಗಿ ಮಲ್ಟಿಪಲ್ ಇರುತ್ತದೆ. ನಿಮ್ಮದು ಇವೀಸಾ, ಅಂದರೆ ಆನ್‌ಲೈನ್ ಬ್ರಿಟನ್ ವೀಸಾ, ಆಗಿದ್ದರೆ ಈಗಿರುವ ಪಾಸ್‌ಪೋರ್ಟ್ ಅದಕ್ಕೆ ಜೋಡಣೆ ಆಗಿದೆಯಾ ಅಂತ ಖಾತೆಗೆ ಹೋಗಿ ನೋಡಿ, ವಾಪಸ್ ರೈಲು ಹತ್ತಿಸುವ ಮುಂಚೆ ಅದನ್ನೇ ಕೇಳೋದು.

ನದಿದಡ:
ನೋಡಿದೆ, ಅಪ್ಪ ಅಮ್ಮನದು ಮಲ್ಟಿಪಲ್ ಇದೆ. ನನ್ನ ಪಾಸ್‌ಪೋರ್ಟ್ ಹೋದ ವರ್ಷ ಹೊಸದಾಗಿದೆ, ಖಾತೆಯಲ್ಲಿ ಇನ್ನೂ ಹಳೆ ನಂಬರೇ ಇದೆ. ಇವತ್ತೇ ಬದಲಿಸಲು ಹಾಕುತ್ತೇನೆ. ವಿಎಫ್‌ಎಸ್ ಅಪಾಯಿಂಟ್‌ಮೆಂಟ್ ಸಿಕ್ಕ ಕೂಡಲೇ ಇಲ್ಲಿ ತಿಳಿಸುತ್ತೇನೆ.